ನಾನು ಬಿಟ್ಟ ಎರಡನೆಯ ಗುಳಿಗೆ

ಒಂದು ಗುಳಿಗೆ ಉಳಿಸಲು ಹೋಗಿ ನಾನು ತೆತ್ತದ್ದು ಇಷ್ಟು: ಇಪ್ಪತ್ತು ದಿನ ಬಚ್ಚಿಟ್ಟುಕೊಂಡ ಹೆದರಿಕೆ, ಒಂಬತ್ತು ದಿನ ಬಚ್ಚಿಡಲಾಗದ ಹೆದರಿಕೆ, ಡಾಕ್ಟರ ಮುಂದೆ ಹೇಳಿದ ಒಂದು ಸುಳ್ಳು, ಮತ್ತು ನನಗೆ ಯಾರೂ ಮೋಸ ಮಾಡಲಾರರು ಎಂದು ಇಷ್ಟು ವರ್ಷ ಹೊತ್ತು ತಿರುಗಿದ ಜಂಬ. ಮೋಸ ಮಾಡಿದವಳು ನಾನೇ, ಮೋಸ ಹೋದವಳೂ ನಾನೇ. ಕಾರಣ ಬಹಳ ಸಣ್ಣದು. ಎಲ್ಲಿ ಚೌಕಾಸಿ ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಮಾಡಬಾರದೆಂದು ಗೊತ್ತಿರಲಿಲ್ಲ.

ಮೊನ್ನೆ ರೋಣದಿಂದ ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ಕುಳಿತಿದ್ದರು. ಅವರ ಮಾತು ಆಮೇಲೆ ಹೇಳುತ್ತೇನೆ. ಹೆಸರುಕಾಳಿನ ಸುಗ್ಗಿ ನಡೆದಿತ್ತು. ರೈತರು ಡಾಂಬರು ರಸ್ತೆಯ ಅರ್ಧಕ್ಕೆ ಹೆಸರಿನ ಬಳ್ಳಿ ಹರವಿದ್ದರು, ಬಸ್ಸು ಅದರ ಮೇಲೆಯೇ ಹಾಯಿತು. ಚಟಪಟ ಸಿಡಿಯುವ ಕಾಯಿ, ಒಣ ಹೊಟ್ಟಿನ ಧೂಳು, ಆಚೆಗೆ ಮಳೆ ಕುಡಿದ ಎರೆಮಣ್ಣು, ಎಲ್ಲ ಕೂಡಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬಂದದ್ದೇ ತಡ, ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಸೀರೆಯನ್ನು ಮುಟ್ಟಿ ನೋಡಿತು, ಕಲೆ ಬಿದ್ದಿದೆಯೇ ಎಂದು. ಮೂರು ವರ್ಷವಾಯಿತು. ಹೆಸರಿನ ವಾಸನೆಗೆ ಉಳಿದವರಿಗೆ ಉಸುಳಿ ನೆನಪಾಗುತ್ತದೆ, ನನಗೆ ಆ ವರ್ಷ ನೆನಪಾಗುತ್ತದೆ.

ನಾನು ಗಜೇಂದ್ರಗಡದವಳು, ಸೀರೆ ಮಾರುವವಳು. ಮದುವೆಯಾಗಿ ಬಂದಾಗ ಮನೆಯಲ್ಲಿದ್ದದ್ದು ಒಂದೇ ಮಗ್ಗ. ನಮ್ಮವರು ನೇಯುತ್ತಿದ್ದರು, ದರವನ್ನು ಬೇರೆಯವರು ಹೇಳುತ್ತಿದ್ದರು. ಒಂದು ದಿನ ನಾಲ್ಕು ಸೀರೆಯ ಗಂಟು ಕಟ್ಟಿಕೊಂಡು ನಾನೇ ರೋಣದ ಬಸ್ಸು ಹತ್ತಿದೆ. ಅಂದಿನಿಂದ ನೇಕಾರರ ಮನೆಗಳಲ್ಲಿ ಸೀರೆ ಎತ್ತುವುದು, ರೋಣ, ನರಗುಂದ, ಸೂಡಿಯ ಪಡಸಾಲೆಗಳಲ್ಲಿ ಬಿಚ್ಚುವುದು. ಈ ವ್ಯಾಪಾರದಲ್ಲಿ ಬಂಡವಾಳಕ್ಕಿಂತ ದೊಡ್ಡದು ಮುಖ. ದರ ಹೇಳುವಾಗ ರೆಪ್ಪೆ ಅಲುಗಬಾರದು. ಗಿರಾಕಿ ಅರ್ಧಕ್ಕೆ ಕೇಳಿದಾಗ ನಗಬೇಕು, ಗಂಟು ಕಟ್ಟತೊಡಗಬೇಕು, ಆದರೆ ಎರಡನೆಯ ಗಂಟು ಬಿಗಿಯಬಾರದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆ ಮುಖವೇ ನನಗೆ ಕೈಕೊಟ್ಟಿತು. ನಲವತ್ತೊಂಬತ್ತಕ್ಕೆ ಮುಟ್ಟು ನಿಂತಿತು. ನಿಂತು ಒಂದು ವರ್ಷ ಕಳೆದರೂ ಮೈಯೊಳಗಿನ ಬೆಂಕಿ ಆರಲಿಲ್ಲ. ಎದೆಯಿಂದ ಎದ್ದದ್ದು ಕುತ್ತಿಗೆ ಹತ್ತಿ ಕಿವಿಯವರೆಗೆ ಹೋಗುತ್ತಿತ್ತು. ಹಣೆಯಿಂದ ಬೆವರು ದಳದಳ ಇಳಿಯುತ್ತಿತ್ತು. ರೋಣದಲ್ಲಿ ಹಳೆಯ ವ್ಯಾಪಾರಸ್ಥರ ಮನೆಯೊಂದಿದೆ, ಅಲ್ಲಿಯ ಹಿರಿಯ ಸೊಸೆ ನನ್ನ ಖಾಯಂ ಗಿರಾಕಿ. ಒಂದು ಮಧ್ಯಾಹ್ನ ಅವರ ಮುಂದೆ ಕೆಂಪು ಸೆರಗಿನ ಸೀರೆ ಬಿಚ್ಚಿ ದರ ಹೇಳುತ್ತಿದ್ದೆ. ಒಂದು ಹನಿ ಬೆವರು ರೇಷ್ಮೆಯ ಮೇಲೆ ಬಿತ್ತು.

"ಯಾಕವಾ ರತ್ನವ್ವ, ರೇಟ ಹೇಳಾಕ ಇಷ್ಟ ಬೆವರಾಕತ್ತಿ?" ಎಂದರು ಅವರು, ಪಕ್ಕದ ಮನೆಯವರ ಕಡೆ ನೋಡಿ ನಗುತ್ತ. "ಸುಳ್ಳ ಹೇಳಾವರಿಗೆ ಹಿಂಗ ಆಗತೈತಿ ನೋಡ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ದರ ಇಳಿಸಿದೆ. ಖರೇ ದರ ಹೇಳಿ ಸುಳ್ಳಿಯಾದದ್ದು ಅದೇ ಮೊದಲು.

ಮನೆಮನೆ ತಿರುಗುವವಳಿಗೆ ಇನ್ನೊಬ್ಬರ ಸಂಕಟ ಕಾಣದೆ ಇರುವುದಿಲ್ಲ. ಈ ವಯಸ್ಸಿನಲ್ಲಿ ಒಬ್ಬಳು ತಂಪು ಫರಸಿಕಲ್ಲಿನ ಮೇಲೆ ಬೆನ್ನುಹಚ್ಚಿ ಮಲಗುತ್ತಾಳೆ, ಇನ್ನೊಬ್ಬಳು ಸೊಸೆಯ ಮೇಲೆ ಹಾಯುತ್ತಾಳೆ, ಮತ್ತೊಬ್ಬಳು ಯಾರಿಗೂ ಹೇಳದೆ ಸೊರಗುತ್ತಾಳೆ. ರಕ್ತ ಹೆಚ್ಚು ಹೋಗುತ್ತದೆಂದು ಮೂವತ್ತೈದಕ್ಕೇ ಗರ್ಭಚೀಲ ತೆಗೆಸಿಕೊಂಡವರು ಓಣಿಗೊಬ್ಬರು ಇದ್ದಾರೆ. ಚೀಲ ತೆಗೆಸಿದೆ ಎಂದು ಹಲ್ಲು ಕೀಳಿಸಿದಷ್ಟು ಸಹಜವಾಗಿ ಹೇಳುತ್ತಾರೆ. ಹಾಗೆ ತೆಗೆಸಿದವಳೇ ನನಗೆ ಸೀರೆ ನೇಯ್ದುಕೊಡುವ ನಮ್ಮ ಯಲ್ಲವ್ವ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಲಾಳಿಗಿಂತ ಬಾಯಿ ಜೋರು. ನನಗಿಂತ ಎಂಟು ವರ್ಷ ಸಣ್ಣವಳು.

"ಏನಕ್ಕಾ, ಮೈಯಾಗ ಒಲಿ ಹಚ್ಚಿಕೊಂಡೀ ಏನು? ನಿನ್ನ ತಲಿಮ್ಯಾಲೆ ರೊಟ್ಟಿ ಬೇಯಿಸಬೌದು."

"ನಗಬ್ಯಾಡ. ನಿನಗೂ ಬರತೈತಿ."

"ನನಗ ಬಂದು ಹೋಗೇತಿ. ಚೀಲದ ಜೋಡಿ ಎಲ್ಲಾ ತಗದಿಂದ ನಾ ಸುಟ್ಟ ಸುಣ್ಣ ಆಗಿದ್ನಿ. ನರಗುಂದದಾಗ ಒಬ್ಬರು ಡಾಕ್ಟರ ಬಾಯಾರ ಅದಾರ, ಗುಳಿಗಿ ಕೊಟ್ರು. ದಿನಕ್ಕ ಒಂದು. ಈಗ ನೋಡ, ತಂಪ!"

ದೀಪಾವಳಿ ಮುಗಿದ ವಾರ ನಾನು ನರಗುಂದಕ್ಕೆ ಹೋದೆ. ರೋಣದ ದವಾಖಾನೆಯಲ್ಲಿ ನನ್ನ ಗುರುತಿನವರೇ ಸಾಲಾಗಿ ಕುಳಿತಿರುತ್ತಾರೆ, ಅದಕ್ಕೆ. ಡಾಕ್ಟರ ಬಾಯಾರು ಬಿಪಿ ನೋಡಿದರು, ಎದೆ ಮುಟ್ಟಿ ನೋಡಿದರು, ಹೊಟ್ಟೆ ಸ್ಕ್ಯಾನ್ ಮಾಡಿಸಿದರು, ನೂರೆಂಟು ಕೇಳಿದರು. ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದಾಗ ಇಲ್ಲವೆಂದೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳಿದ್ದಿಲ್ಲ. ಕೊನೆಗೆ ಚೀಟಿಯಲ್ಲಿ ಎರಡು ಗುಳಿಗೆ ಬರೆದರು.

"ಎರಡೂ ತಗೋಬೇಕ್ರಿ, ನಿಮ್ಮಂಥಾವರಿಗೆ ಒಂದ ತಗೊಂಡ್ರ ನಡಿಯೂದಿಲ್ಲ. ಮೂರ ತಿಂಗಳಿಗೆ ಮತ್ತ ಬಂದು ತೋರಸ್ರಿ," ಎಂದರು. ಯಾಕೆಂದೂ ಹೇಳಿದರು. ಆದರೆ ನನ್ನ ಕಿವಿ ಅಲ್ಲಿರಲಿಲ್ಲ. ಯಲ್ಲವ್ವಗೆ ಒಂದು, ನನಗೆ ಎರಡು! ನಾನು ಉಟ್ಟುಕೊಂಡು ಹೋಗಿದ್ದ ಒಳ್ಳೆಯ ಸೀರೆ ನೋಡಿ ಬಾಯಾರು ಇದನ್ನು ಬರೆದರೋ ಏನೋ ಎಂಬ ವ್ಯಾಪಾರದ ಹುಳ ಆಗಲೇ ತಲೆಯೊಳಗೆ ಹೊಕ್ಕಿತ್ತು.

ಊರಿಗೆ ಬಂದು ಔಷಧಿ ಅಂಗಡಿಯ ಹುಡುಗನಿಗೆ ಚೀಟಿ ಕೊಟ್ಟೆ.

"ಇದರಾಗ ಮೈ ತಂಪ ಮಾಡೋದು ಯಾವದಪಾ?"

"ಮ್ಯಾಲಿಂದ್ರಿ ಅಕ್ಕಾರ."

"ಮತ್ತ ಕೆಳಗಿಂದು?"

"ಅದು ಬ್ಯಾರೇ ಹಾರ್ಮೋನ್ ರಿ. ಹಬ್ಬಕ್ಕ ಮುಟ್ಟು ಮುಂದ ಹಾಕಾಕ ಹೆಣ್ಮಕ್ಕಳು ಒಯ್ತಾರಲ್ರಿ, ಹೆಚ್ಚೂಕಡಿಮಿ ಆ ಜಾತೀದು."

ನನಗೆ ನಗು ಬಂತು. ನಮ್ಮ ಕಡೆ ಆ ಗುಳಿಗೆ ಯಾರಿಗೆ ಗೊತ್ತಿಲ್ಲ? ಮದುವೆ, ಸತ್ಯನಾರಾಯಣ, ಗೌರಿ ಹುಣ್ಣಿಮೆ, ಯಾವುದೇ ಇರಲಿ, ಮನೆಯ ಹೆಂಗಸು ಹೊರಗಾಗಬಾರದೆಂದು ನುಂಗುವ 'ಹಬ್ಬದ ಗುಳಿಗಿ' ಅದು. ಮಗಳ ಮದುವೆಯಲ್ಲಿ ನಾನೂ ನುಂಗಿದ್ದೆ. ಒಂದು ವರ್ಷದಿಂದ ಮುಟ್ಟೇ ಇಲ್ಲದವಳು ಏನನ್ನು ಮುಂದೆ ಹಾಕಬೇಕು?

"ಮ್ಯಾಲಿಂದಷ್ಟ ಕೊಡು," ಎಂದೆ.

"ಎರಡೂ ಬರದಾರ್ರಿ…"

"ನಾ ತಗೊಳ್ಳಾಕಿ, ನನಗ ಗೊತ್ತೈತಿ."

ಕೊಟ್ಟ. ಅಂದು ಮನೆಗೆ ಬರುವಾಗ ಒಂದು ದೊಡ್ಡ ವ್ಯಾಪಾರ ಗೆದ್ದವಳಂತೆ ನಡೆದೆ.

ಕೆಟ್ಟದ್ದೇನೆಂದರೆ, ಆ ಒಂದು ಗುಳಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಮೂರು ವಾರಕ್ಕೆ ಮೈ ತಣ್ಣಗಾಯಿತು. ನಿದ್ದೆ ಬಂತು. ಮುಖ ಮತ್ತೆ ನನ್ನ ಮಾತು ಕೇಳತೊಡಗಿತು. ರೋಣದ ಸೊಸೆಯ ಮುಂದೆ ಸಂಕ್ರಾಂತಿಗೆ ಎರಡು ಸೀರೆ ಬಿಚ್ಚಿ ಹೇಳಿದ ದರಕ್ಕೇ ಮಾರಿಬಂದೆ. ಇಷ್ಟು ಚಲೋ ಇರುವಾಗ ಮೂರು ತಿಂಗಳಿಗೆ ಹೋಗಿ ಯಾರಿಗೆ ಏನು ತೋರಿಸುವುದು? ಹಳೆಯ ಚೀಟಿ ಹಿಡಿದು ಅರ್ಧಕ್ಕರ್ಧ ಗುಳಿಗೆ ತರುತ್ತ ಹೋದೆ. ಯುಗಾದಿ ಕಳೆಯಿತು, ಕಾರಹುಣ್ಣಿಮೆ ಕಳೆಯಿತು.

ಶ್ರಾವಣ ಮುಗಿಯುತ್ತ ಬಂದಾಗ ಸೂಡಿಗೆ ಹೋಗಿದ್ದೆ. ಗಿರಾಕಿಯ ಮನೆಯ ಅಂಗಳದ ತುಂಬ ಹೆಸರು ಒಣಹಾಕಿದ್ದರು, ಕಾಲಿಡಲು ಜಾಗವಿರಲಿಲ್ಲ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ನೋಡಿಕೊಂಡೆ. ಕುಂಕುಮದ ಬೊಟ್ಟಿನಷ್ಟು ಕಲೆ. ಅಷ್ಟೇ. ಕೆಂಪಲ್ಲ, ಇಟ್ಟಂಗಿಯ ಬಣ್ಣ.

ಬಚ್ಚಲ ಗೋಡೆ ಹಿಡಿದು ನಿಂತೆ. ಹೊರಗೆ ಯಾರೋ ಹೆಸರು ಕೇರುತ್ತಿದ್ದರು, ಮೊರದ ಸದ್ದು ಕೇಳುತ್ತಿತ್ತು. ನನಗೆ ಕೇಳಿಸಿದ್ದು ಮಾತ್ರ ಬೇರೆ, ಮೂವತ್ತು ವರ್ಷದ ಹಿಂದೆ ಅದೇ ಊರಿನಲ್ಲಿ ಕೇಳಿದ ನಗು. ನನ್ನ ಚಿಗವ್ವ, ಅವ್ವನ ತಂಗಿ, ಸೂಡಿಗೆ ಕೊಟ್ಟವಳು. ಮುಟ್ಟು ನಿಂತು ಆರು ವರ್ಷವಾದ ಮೇಲೆ ಒಂದು ದಿನ ಅವಳಿಗೆ ಮತ್ತೆ ಕಂಡಿತು. ಓಣಿಯ ಹೆಂಗಸರು ಸುತ್ತ ಕುಳಿತು, "ಹರೇ ತಿರಿಗಿ ಬಂತವ್ವಾ ನಿನಗ! ಇನ್ನೊಂದು ತೊಟ್ಟಲಾ ಕಟ್ಟಸು," ಎಂದು ನಕ್ಕಿದ್ದರು. ಚಿಗವ್ವನೂ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಿದ್ದಳು. ನಾಚಿಕೊಂಡು ಡಾಕ್ಟರ ಹತ್ತಿರ ಹೋಗಲಿಲ್ಲ. ಮುಂದಿನ ಹೆಸರಿನ ಸುಗ್ಗಿಗೆ ಅವಳಿರಲಿಲ್ಲ. ಯಾವ ಬೇನೆಯೆಂದು ಯಾರೂ ಹೆಸರಿಡಲಿಲ್ಲ. 'ಆ ಬ್ಯಾನಿ' ಎಂದರು, ಮುಗಿಯಿತು.

ಅಂದು ಸೀರೆ ಬಿಚ್ಚದೆ ಗಂಟನ್ನು ಹಾಗೆಯೇ ಹೊತ್ತು ವಾಪಸು ಬಂದೆ.

ನಿಮಗೆ ಅನ್ನಿಸಬಹುದು, ಚಿಗವ್ವನ ಕಥೆ ಗೊತ್ತಿದ್ದವಳು ಮರುದಿನವೇ ಓಡಬೇಕಿತ್ತು ಎಂದು. ಗೊತ್ತಿದ್ದದ್ದಕ್ಕೇ ಓಡಲಿಲ್ಲ. ಹೋದರೆ ಹೆಸರಿಡುತ್ತಾರೆ. ಹೋಗದಿದ್ದರೆ ಅದಕ್ಕೆ ಹೆಸರಿಲ್ಲ. ಇಪ್ಪತ್ತು ದಿನ ಹಾಗೆಯೇ ನಡೆಸಿದೆ. ಒಮ್ಮೆ ಕಾಣುತ್ತಿತ್ತು, ಎರಡು ದಿನ ಇರುತ್ತಿರಲಿಲ್ಲ. ಇನ್ನು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕಾಣುತ್ತಿತ್ತು. ಬಟ್ಟೆಯನ್ನು ಬೇರೆ ಒಗೆದು ಅಟ್ಟದ ಮೇಲೆ ಒಣಹಾಕಿದೆ. ದೇವರ ಮುಂದೆ ದೀಪ ಹಚ್ಚಲೋ ಬೇಡವೋ ತಿಳಿಯದೆ ದಿನವೂ ಹಚ್ಚಿದೆ, ದಿನವೂ ಹೆದರಿದೆ. ನಮ್ಮವರು ಒಮ್ಮೆ ಮಗ್ಗದ ಕುಣಿಯಿಂದಲೇ ತಲೆಯೆತ್ತಿ, "ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದರು. "ಆರಾಮ ಐತಿ," ಎಂದೆ. ಅವರು ಲಾಳಿಯನ್ನು ತಕ್ಷಣ ಒಗೆಯಲಿಲ್ಲ.

ಇಪ್ಪತ್ತನೆಯ ದಿನ ಯಲ್ಲವ್ವನ ಮನೆಗೆ ಸೀರೆ ಎತ್ತಲು ಹೋದೆ. ಮಾತು ಬಾಯಿಂದ ಹೇಗೆ ಬಂತೋ, ನಗೆಯಾಡಿದಂತೆ ಹೇಳಿಬಿಟ್ಟೆ:

"ನನಗ ಹರೇ ತಿರಿಗಿ ಬಂದೈತಿ ನೋಡ ಯಲ್ಲವ್ವ."

"ಹೌದೇನಕ್ಕಾ! ಮಾವಾರಿಗೆ ಹೇಳಿದೇನು? ಹೊಸಾ ಧೋತರ ಕೊಡಸು ಅವರಿಗೆ…" ಎಂದು ಶುರು ಮಾಡಿದವಳು ನನ್ನ ಮುಖ ನೋಡಿ ನಿಂತಳು. ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಎಷ್ಟ ದಿನಾತು?"

ಹೇಳಿದೆ.

"ಗುಳಿಗಿ ಸರಿಯಾಗಿ ನುಂಗಾಕತ್ತೀ ಇಲ್ಲೋ?"

"ದಿನಾ ನುಂಗತೀನಿ. ನಿನ್ನಂಗ, ಒಂದು."

"ನನ್ನಂಗ ಯಾಕ? ಬಾಯಾರು ನಿನಗ ಎಷ್ಟ ಬರದಿದ್ರು?"

"ಎರಡು. ಒಂದು ಬಿಟ್ಟೆ. ಹಬ್ಬದ ಗುಳಿಗಿ ಅದು, ನಿಂತಾಕಿಗೆ ಯಾತಕ್ಕ? ನೀ ಒಂದರಾಗ ಆರಾಮ ಇದ್ದೀಯಲ್ಲ."

ಯಲ್ಲವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಾಣ್ಯಾಕಿ! ನನಗ ಚೀಲ ಎಲ್ಲೈತಿ? ಚೀಲ ಇಲ್ಲಂತ ನನಗ ಒಂದು, ಚೀಲ ಇದ್ದಾಕಿಗೆ ಎರಡು. ಬಾಯಾರು ನನಗ ಬಿಡಿಸಿ ಹೇಳ್ಯಾರ. ಊರಿಗೆಲ್ಲಾ ದರಾ ಕಟ್ಟಾಕಿ, ಇಷ್ಟ ತಿಳೀಲಿಲ್ಲೇನು?" ಬೈಯುತ್ತಲೇ ಮಗ್ಗದ ಕುಣಿಯಿಂದ ಎದ್ದಳು. ಅರ್ಧ ಸೆರಗು ಮಗ್ಗದ ಮೇಲೆಯೇ ಇತ್ತು. ಅಂಥ ನೇಯ್ಗೆಯನ್ನು ಬಿಟ್ಟು ಯಲ್ಲವ್ವ ಎದ್ದದ್ದನ್ನು ನಾನು ಕಂಡಿರಲಿಲ್ಲ.

ಸಿಕ್ಕ ಬಸ್ಸಿಗೆ ನರಗುಂದಕ್ಕೆ ಹೋದೆವು. ಬಾಯಾರು ಹಳೆಯ ಚೀಟಿ ನೋಡಿ ಕೇಳಿದ ಮೊದಲ ಮಾತೇ ಅದು:

"ಎರಡೂ ಗುಳಿಗಿ ತಗೊಂಡೀರಿಲ್ರಿ?"

"ಹೂಂ ರಿ," ಎಂದೆ. ಹೇಗೆ ಬಂತೋ ಗೊತ್ತಿಲ್ಲ. ಹತ್ತು ತಿಂಗಳಿಂದ ಬರದಿದ್ದ ಬೆಂಕಿ ಎದೆಯಿಂದ ಎದ್ದು ಕಿವಿಗೆ ಹತ್ತಿತು. ಹಣೆಯಿಂದ ಬೆವರು ದಳದಳ ಇಳಿಯಿತು.

"ಸುಳ್ಳ ಹೇಳತಾಳ್ರೀ ಬಾಯಾರ," ಎಂದಳು ಯಲ್ಲವ್ವ. "ಹೆಂಗ ಬೆವರಾಕತ್ತಾಳ ನೋಡ್ರಿ."

ಬಾಯಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು: "ಮೊದಲನೇ ಗುಳಿಗಿ ಮೈ ತಂಪ ಮಾಡತೈತ್ರಿ, ಅದರ ಜೋಡಿ ಚೀಲದ ಒಳಗಿನ ಪದರಾನೂ ಬೆಳಸತೈತಿ. ಎರಡನೇದು ಆ ಪದರಕ್ಕ 'ಸಾಕು' ಅಂತ ಹೇಳತೈತಿ. ನೀವು ಸಾಕು ಅನ್ನಾಕಿನ್ನ ಹೊರಗ ಹಾಕಿ, ಬೆಳಸಾಕಿನ್ನ ಮನ್ಯಾಗ ಇಟಗೊಂಡ್ರಿ."

ಆಗ ಚಿಗವ್ವನ ಸಂಗತಿ ಹೇಳಿದೆ. ಅವರು ಬರೆದುಕೊಂಡರು. ಸ್ಕ್ಯಾನಿನಲ್ಲಿ ಪದರ ದಪ್ಪವಾಗಿತ್ತು. ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದರು, ತೆಗೆದರು. ನೋವಾಯಿತು, ಆದರೆ ನನಗೆ ಅದರ ಕಡೆ ಗಮನವಿರಲಿಲ್ಲ.

"ಏನೂ ಇರೂದಿಲ್ಲಲ್ರೀ? ಅಷ್ಟ ಹೇಳಿಬಿಡ್ರಿ."

"ವರದಿ ಬರೂತನಕಾ ನಾ ಏನೂ ಹೇಳೂದಿಲ್ರಿ."

"ಅಂದಾಜಿಗೆ ಹೇಳ್ರಿ."

"ಇಲ್ರಿ."

ಇಷ್ಟು ವರ್ಷದಲ್ಲಿ ನನ್ನ ಎದುರು ಕುಳಿತು ಒಂದು ಕೂದಲೆಳೆಯಷ್ಟೂ ಇಳಿಯದವರು ಅವರೊಬ್ಬರೇ.

ಒಂಬತ್ತು ದಿನ. ವ್ಯಾಪಾರಕ್ಕೆ ಹೋಗಲಿಲ್ಲ. ಸೀರೆಗಳನ್ನು ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ಯಾವುದನ್ನು ಮಗಳಿಗೆ ಇಡಬೇಕು, ಯಾವುದನ್ನು ಯಲ್ಲವ್ವಗೆ ಕೊಡಬೇಕು ಎಂದು ಕೈ ತಾನೇ ವಿಂಗಡಿಸುತ್ತಿತ್ತು. ಎಚ್ಚರವಾಗಿ ಎಲ್ಲವನ್ನೂ ಮತ್ತೆ ಕಲೆಸುತ್ತಿದ್ದೆ. ನಮ್ಮವರಿಗೆ ಹೇಳಿದ್ದೆ. ಅವರು "ಹೂಂ" ಎಂದು ಮಗ್ಗಕ್ಕೆ ಇಳಿದರು. ಆ ಒಂಬತ್ತು ದಿನ ಅವರು ನೇಯ್ದ ಸೀರೆಯಲ್ಲಿ ನಡುವೆ ಒಂದು ಗೇಣಿನಷ್ಟು ಎಳೆ ಬಿಟ್ಟುಹೋಗಿದೆ. ಕಣ್ಣುಮುಚ್ಚಿ ನೇಯ್ದರೂ ತಪ್ಪದ ಕೈ ಅದು. ಆ ಸೀರೆಯನ್ನು ನಾನು ಮಾರಿಲ್ಲ, ಮಾರುವುದೂ ಇಲ್ಲ.

ಹತ್ತನೆಯ ದಿನ ನರಗುಂದದ ರಸ್ತೆಯ ತುಂಬ ಹೆಸರು. ಬಸ್ಸು ಅದರ ಮೇಲೆ ಮೆಲ್ಲಗೆ ಹೋಗುತ್ತಿತ್ತು. ಯಲ್ಲವ್ವ ನನ್ನ ಕೈ ಹಿಡಿದುಕೊಂಡಿದ್ದಳು, ಜೀವನದಲ್ಲಿ ಮೊದಲ ಸಲ ಸುಮ್ಮನೆ ಕುಳಿತಿದ್ದಳು. ಬಾಯಾರು ವರದಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಓದಿದರು.

"ಕ್ಯಾನ್ಸರ್ ಇಲ್ರಿ."

ಆ ಶಬ್ದವನ್ನು ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ಮೂವತ್ತು ವರ್ಷದಿಂದ ಕಾಯುತ್ತಿದ್ದೆನೇನೋ ಅನ್ನಿಸಿತು. ಅವರು ಮುಂದೆ ಹೇಳಿದರು: "ಆದ್ರ ಪದರಾ ಬೆಳಿಬಾರದಂಗ ಬೆಳದೈತಿ. ಇದನ್ನ ಹಿಂಗ ಬಿಟ್ಟಿದ್ರ ಮುಂದ ಏನಾಗತಿತ್ತೋ ಹೇಳಾಕ ಬರೂದಿಲ್ಲ. ಇನ್ನೂ ನೋಡಕೋತ ಹೋಗಬೇಕು."

ತಂಪು ಮಾಡುವ ಗುಳಿಗೆ ನಿಲ್ಲಿಸಿದರು. ಆರು ತಿಂಗಳು ಬರೀ ಎರಡನೆಯದನ್ನು, ನಾನು ಬೇಡವೆಂದು ಬಿಟ್ಟಿದ್ದ ಆ ಹಬ್ಬದ ಗುಳಿಗೆಯ ಜಾತಿಯದನ್ನೇ, ನುಂಗಿದೆ. ಮತ್ತೆ ಚೂರು ತೆಗೆದರು, ಮತ್ತೆ ಕಾದೆ. ಪದರ ತೆಳ್ಳಗಾಯಿತು. ಮೈಯ ಬೆಂಕಿ ಮಾತ್ರ ತಿರುಗಿ ಬಂತು. ಈಗ ಬೆವರು ಬಂದರೆ ಮುಚ್ಚುವುದಿಲ್ಲ; ಗಿರಾಕಿಯ ಮುಂದೆಯೇ ಬೀಸಣಿಗೆ ತೆಗೆಯುತ್ತೇನೆ.

ಹೋದ ವಾರ ರೋಣದ ಆ ಹಿರಿಯ ಸೊಸೆಯ ಮುಂದೆ ಹಾಗೆಯೇ ಬೀಸಿಕೊಳ್ಳುತ್ತ, "ಸುಳ್ಳ ಅಲ್ರೀ ಅಕ್ಕಾರ, ಮುಟ್ಟು ನಿಂತದ್ದಕ್ಕ ಹಿಂಗ," ಎಂದು ನನ್ನ ಕಥೆಯನ್ನೆಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ರತ್ನವ್ವ, ನನಗ ನಿಂತು ಮೂರ ವರ್ಷಾತು. ಎರಡ ತಿಂಗಳಿಂದ ಮತ್ತ ಕಾಣಾಕತ್ತೈತಿ. ನಮ್ಮ ನೆಗೆಣ್ಣಿ, 'ಹರೇ ಬಂತು' ಅಂತ ನಗತಾಳ."

ಮೊನ್ನೆ ಬಸ್ಸಿನಲ್ಲಿ ಕೈಚೀಲ ಒತ್ತಿ ಹಿಡಿದು ನನ್ನ ಪಕ್ಕ ಕುಳಿತಿದ್ದವರು ಅವರೇ. ಬಾಯಾರು ಚೂರು ತೆಗೆದು ಕಳಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಅವರು ಕಾಯತೊಡಗಿ ಐದನೆಯ ದಿನ.

ಅದಕ್ಕೇ ಹೇಳುತ್ತೇನೆ, ಕೇಳಿ. ಸೀರೆಗೆ, ಬದನೆಕಾಯಿಗೆ, ಬೇಕಾದರೆ ಬಂಗಾರಕ್ಕೂ ಚೌಕಾಸಿ ಮಾಡಿ. ಡಾಕ್ಟರ ಚೀಟಿಗೆ ಮಾಡಬೇಡಿ. ಎರಡು ಬರೆದಿದ್ದರೆ ಯಾಕೆ ಎರಡು ಎಂದು ಅವರನ್ನೇ ಕೇಳಿ, ತಿಳಿಯುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಬಾಜೂ ಮನೆಯವಳ ಗುಳಿಗೆ ನೋಡಿ ನಿಮ್ಮದನ್ನು ಅಳೆಯಬೇಡಿ, ಅವಳ ಹೊಟ್ಟೆಯೊಳಗೆ ಏನಿದೆ, ಏನಿಲ್ಲ, ನಿಮಗೇನು ಗೊತ್ತು? ಮನೆತನದಲ್ಲಿ ಹೆಸರಿಲ್ಲದ ಬೇನೆಯಿಂದ ಹೋದ ಹೆಂಗಸರಿದ್ದರೆ ಅದನ್ನೂ ಹೇಳಿ. ಮೂರು ತಿಂಗಳಿಗೆ ಬಾ ಎಂದರೆ, ಮೈ ಚಲೋ ಇದ್ದರೂ ಹೋಗಿ. ಮತ್ತು ಒಂದು ವರ್ಷ ನಿಂತ ಮೇಲೆ ಕುಂಕುಮದ ಬೊಟ್ಟಿನಷ್ಟು ಕಂಡರೂ, ಗುಳಿಗೆ ನುಂಗುತ್ತಿದ್ದರೂ ಸರಿ, ಇಲ್ಲದಿದ್ದರೂ ಸರಿ, ಸಿಕ್ಕ ಬಸ್ಸು ಹತ್ತಿ. ಯಾರಾದರೂ 'ಹರೇ ತಿರಿಗಿ ಬಂತು' ಎಂದು ನಕ್ಕರೆ ಜಗಳವಾಡುತ್ತ ಹೊತ್ತು ಕಳೆಯಬೇಡಿ. ನಕ್ಕವಳ ಕೈ ಹಿಡಿದು ಅವಳನ್ನೂ ಬಸ್ಸಿಗೆ ಹತ್ತಿಸಿಕೊಳ್ಳಿ. ಕಾಯುವಾಗ ಪಕ್ಕದಲ್ಲಿ ಒಬ್ಬರು ಬೇಕಾಗುತ್ತಾರೆ.